ಮೂತ್ರಪಿಂಡದ ಕ್ಯಾನ್ಸರ್, ಗುರಿಯಿಟ್ಟ ಔಷಧ ಮತ್ತು ನಮ್ಮ ಚಿಕ್ಕಪ್ಪ

(ಶಾಲೆಯ ಸುವರ್ಣ ಮಹೋತ್ಸವದಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರು ಮಾಡಿದ ಭಾಷಣದ ಬರಹ ರೂಪ)



ಸ್ವಾಗತ ಸಮಿತಿಯವರು ನನಗೆ ಇಪ್ಪತ್ತು ನಿಮಿಷ ಕೊಟ್ಟಿದ್ದಾರೆ. "ನೀವು ಔಷಧ ಕಂಡುಹಿಡಿಯೋ ಕೆಲಸ ಮಾಡ್ತೀರಂತಲ್ಲ, ಅದರ ಬಗ್ಗೆ ನಮ್ಮೂರಿನವರಿಗೆ ತಿಳಿಯೋ ಹಾಗೆ ಹೇಳಿ" ಅಂದರು. ಮೊದಲೇ ಒಂದು ತಿದ್ದುಪಡಿ. ನಾನು ಯಾವ ಔಷಧವನ್ನೂ ಕಂಡುಹಿಡಿದಿಲ್ಲ. ಬೆಂಗಳೂರಿನ ಕಂಪನಿಯೊಂದರ ಪ್ರಯೋಗಾಲಯದಲ್ಲಿ ಇಪ್ಪತ್ತು ವರ್ಷಕ್ಕೂ ಮೇಲೆ ಹೊಸ ಅಣುಗಳನ್ನು ತಯಾರು ಮಾಡುವ ರಸಾಯನಶಾಸ್ತ್ರದ ಕೆಲಸ ಮಾಡಿದ್ದೇನೆ. ನಮ್ಮ ಗುಂಪು ಮಾಡಿದ ಸಾವಿರಾರು ಅಣುಗಳಲ್ಲಿ ಒಂದೂ ಅಂಗಡಿಗೆ ಬರಲಿಲ್ಲ. ಈ ಕೆಲಸದಲ್ಲಿ ಹೆಚ್ಚಿನವರ ಕಥೆ ಹೀಗೇ. ಹಾಗಾಗಿ ಗೆದ್ದವನ ಭಾಷಣ ಇದಲ್ಲ, ಹತ್ತಿರದಿಂದ ನೋಡಿದವನ ಮಾತು ಎಂದುಕೊಳ್ಳಿ.

ನಾನು ಈ ಶಾಲೆ ಬಿಟ್ಟದ್ದು 1986ರಲ್ಲಿ. ಆಗ ನಮಗೆ ಪ್ರಯೋಗಾಲಯ ಅಂತ ಇರಲಿಲ್ಲ. ಒಂದು ಬೀರು, ಅದರಲ್ಲಿ ಬಾಯಿ ಒಡೆದ ನಾಲ್ಕು ಪ್ರನಾಳ, ಒಂದು ಸ್ಪಿರಿಟ್ ದೀಪ. ಒಂದು ಸೋಮವಾರ ನಮ್ಮ ವಿಜ್ಞಾನದ ಮೇಷ್ಟ್ರು ದೊಡ್ಡಬಳ್ಳಾಪುರದಿಂದ ಬರುವಾಗ ಮುತ್ತುಗದೆಲೆಯ ಪೊಟ್ಟಣ ತಂದರು. ಬಿಚ್ಚಿದರೆ ಕುರಿಯ ಮೂತ್ರಪಿಂಡ. ಕೆಲವರು ಮೂಗು ಮುಚ್ಚಿಕೊಂಡು ಜಗಲಿಯಿಂದ ಇಳಿದು ಓಡಿದರು. ಉಳಿದವರ ಎದುರಿಗೆ ಮೇಷ್ಟ್ರು ಬ್ಲೇಡಿನಲ್ಲಿ ಅದನ್ನು ಉದ್ದಕ್ಕೆ ಸೀಳಿ ತೋರಿಸಿದರು. ದೊಡ್ಡ ಅವರೆಕಾಳನ್ನು ಎರಡು ಹೋಳು ಮಾಡಿದ ಹಾಗಿತ್ತು.

"ನಿಮ್ಮ ಹೊಟ್ಟೆಯ ಹಿಂದೆ ಇಂಥವು ಎರಡಿವೆ. ಒಂದೊಂದೂ ನೂರೈವತ್ತು ಗ್ರಾಂ ತೂಗಬಹುದು. ಎರಡೂ ಸೇರಿ ದಿನಕ್ಕೆ 180 ಲೀಟರ್ ಸೋಸುತ್ತವೆ, ಅಂದರೆ ಹನ್ನೆರಡು ಕೊಡ. ಅದರಲ್ಲಿ ಒಂದೂವರೆ ಎರಡು ಲೀಟರ್ ಮಾತ್ರ ಹೊರಗೆ ಬಿಟ್ಟು ಮಿಕ್ಕಿದ್ದನ್ನೆಲ್ಲ ವಾಪಸ್ಸು ರಕ್ತಕ್ಕೆ ಸೇರಿಸುತ್ತವೆ" ಅಂದರು. ಬೋರ್‌ವೆಲ್ಲಿನ ಮುಂದೆ ಕೊಡ ಸಾಲಿಟ್ಟು ಕಾಯುತ್ತಿದ್ದ ನಮಗೆ ಹನ್ನೆರಡು ಕೊಡ ಅಂದರೆ ಏನು ಎಂದು ಚೆನ್ನಾಗಿ ಗೊತ್ತಿತ್ತು.

ಆ ಮೇಷ್ಟ್ರದ್ದು ಒಂದು ಪದ್ಧತಿ ಇತ್ತು. ಚಿತ್ರ ಬರೆದು ಭಾಗಗಳನ್ನು ಗುರುತಿಸಿದ ಮೇಲೆ ಕೆಳಗೆ ಒಂದು ಸಾಲು ಬರೆಯಬೇಕು: "ನನಗೆ ತಿಳಿಯದ್ದು." ಎಲ್ಲ ತಿಳಿಯಿತು ಎಂದು ಬರೆದವರಿಗೆ ಅರ್ಧ ಅಂಕ ಕಡಿಮೆ. ಆವತ್ತು ನಾನು, "ಎರಡು ಯಾಕೆ ಇವೆ, ಒಂದು ಸಾಲದೆ?" ಎಂದು ಬರೆದೆ. ಮೇಷ್ಟ್ರು ಕೆಂಪು ಶಾಯಿಯಲ್ಲಿ, "ಒಂದು ಸಾಕು. ಆದರೂ ಎರಡಿವೆ. ಯೋಚಿಸು" ಎಂದು ಬರೆದರು. ಒಂದು ಸಾಕು ಎನ್ನುವ ಆ ಮಾತು ಎಷ್ಟು ದೊಡ್ಡದು ಎಂದು ನನಗೆ ತಿಳಿದದ್ದು 2009ರಲ್ಲಿ.

ಹತ್ತನೇ ತರಗತಿ ಆದಮೇಲೆ ನನ್ನನ್ನು ಓದಿಸಿದವರು ನಮ್ಮ ಚಿಕ್ಕಪ್ಪ. ದೊಡ್ಡಬಳ್ಳಾಪುರದಲ್ಲಿ ಅವರ ಮನೆಯ ನಡುಮನೆಯಲ್ಲೇ ಎರಡು ಪವರ್‌ಲೂಮ್. ಆ ಸದ್ದಿನಲ್ಲೇ ನಾನು ಪಿ.ಯು.ಸಿ. ಓದಿದೆ. ಇವತ್ತಿಗೂ ಸದ್ದಿಲ್ಲದ ಕೋಣೆಯಲ್ಲಿ ನನಗೆ ಓದಲು ಬರುವುದಿಲ್ಲ. 2008ರ ದೀಪಾವಳಿ ಕಳೆದ ಮೇಲೆ ಒಂದು ದಿನ ಚಿಕ್ಕಪ್ಪನಿಗೆ ಮೂತ್ರ ಕೆಂಪಗೆ ಹೋಯಿತು. ನೋವಿಲ್ಲ, ಜ್ವರವಿಲ್ಲ. "ಉಷ್ಣ ಆಗೈತೆ" ಅಂದುಕೊಂಡು ಎಳನೀರು, ಬಾರ್ಲಿ ನೀರು ಕುಡಿದರು. ಎರಡು ದಿನಕ್ಕೆ ನಿಂತಿತು. ಎರಡು ತಿಂಗಳಿಗೆ ಮತ್ತೆ ಬಂತು. ಒಬ್ಬ ವೈದ್ಯರ ಹತ್ತಿರ ಹೋದರು. ಸೋಂಕು ಎಂದು ಮಾತ್ರೆ ಕೊಟ್ಟರು. ಮತ್ತೆ ನಿಂತಿತು, ಮತ್ತೆ ಬಂತು, ಮತ್ತೆ ಅದೇ ಮಾತ್ರೆ. ಹೊಟ್ಟೆಯ ಸ್ಕ್ಯಾನ್ ಮಾಡಿಸುವ ಹೊತ್ತಿಗೆ ಬಲಗಡೆಯ ಮೂತ್ರಪಿಂಡದಲ್ಲಿ ಕಿತ್ತಳೆ ಹಣ್ಣಿನಷ್ಟು ಗಡ್ಡೆ ಇತ್ತು, ಶ್ವಾಸಕೋಶದಲ್ಲಿ ಚುಕ್ಕೆಗಳಿದ್ದವು.

ವೈದ್ಯರನ್ನು ದೂರಲು ಇದನ್ನು ಹೇಳುತ್ತಿಲ್ಲ. ಚಿಕ್ಕಪ್ಪ ಮನೆಯವರಿಗೆ ಹೇಳಲಿಲ್ಲ. ನನಗೆ ಹೇಳಿದಾಗ ನಾನೂ "ಕಲ್ಲಿರಬಹುದು" ಅಂದೆ. ಕ್ಯಾನ್ಸರ್ ಔಷಧದ ಪ್ರಯೋಗಾಲಯದಲ್ಲಿ ಕೆಲಸ ಮಾಡುವವನು ನಾನು! ಆದ್ದರಿಂದ ನನ್ನ ಭಾಷಣದಲ್ಲಿ ನೀವು ಒಂದೇ ಒಂದು ಮಾತು ನೆನಪಿಟ್ಟುಕೊಳ್ಳುವುದಾದರೆ ಅದು ಇದು: ಮೂತ್ರದಲ್ಲಿ ರಕ್ತ ಕಂಡರೆ, ಅದು ತಾನಾಗಿ ನಿಂತರೂ, ನೋವಿಲ್ಲದಿದ್ದರೂ, ಒಮ್ಮೆ ಸ್ಕ್ಯಾನ್ ಮಾಡಿಸಿ. ಬಹಳ ಸಲ ಅದು ಕಲ್ಲೋ ಸೋಂಕೋ ಆಗಿರುತ್ತದೆ. ಆದರೆ ನೋವಿಲ್ಲ ಎಂಬುದು ಒಳ್ಳೆಯ ಸುದ್ದಿಯಲ್ಲ. ಗಡ್ಡೆ ಮೂತ್ರಪಿಂಡದೊಳಗೇ ಇರುವಾಗ ಸಿಕ್ಕಿದರೆ ಶಸ್ತ್ರಚಿಕಿತ್ಸೆಯಲ್ಲಿ ತೆಗೆದು ಗುಣ ಮಾಡುವ ಅವಕಾಶ ಚೆನ್ನಾಗಿರುತ್ತದೆ. ಮೇಷ್ಟ್ರು ಹೇಳಿದ ಹಾಗೆ ಉಳಿದ ಒಂದೇ ಸಾಕು.

ಹರಡಿದ ಮೇಲೆ ಏನು ಎನ್ನುವುದು ನನ್ನ ವಿಷಯ. ಇಲ್ಲಿ ಸ್ವಲ್ಪ ವಿಜ್ಞಾನ ಬರುತ್ತದೆ, ಮಕ್ಕಳು ಗಮನಿಸಬೇಕು.

ಕ್ಯಾನ್ಸರಿಗೆ ಹಳೆಯ ಔಷಧ ಕೀಮೋಥೆರಪಿ. ಬೇಗ ಬೇಗ ಬೆಳೆಯುವ ಜೀವಕೋಶಗಳನ್ನೆಲ್ಲ ಅದು ಹೊಡೆಯುತ್ತದೆ. ರಾಗಿ ಹೊಲಕ್ಕೆ ಕಳೆನಾಶಕ ಹೊಡೆದು ಕಳೆಯ ಜೊತೆ ರಾಗಿಯೂ ಬಾಡಿದ ಹಾಗೆ. ಎಷ್ಟೋ ಕ್ಯಾನ್ಸರುಗಳಿಗೆ ಅದರಿಂದ ಉಪಕಾರವಾಗಿದೆ, ಆದರೆ ಮೂತ್ರಪಿಂಡದ ಕ್ಯಾನ್ಸರು ಅದಕ್ಕೆ ಬಗ್ಗುವುದೇ ಅಪರೂಪ. 1992ರಲ್ಲಿ ಅಮೆರಿಕದಲ್ಲಿ ಇಂಟರ್‌ಲ್ಯೂಕಿನ್-2 ಎಂಬ ಔಷಧಕ್ಕೆ ಅನುಮತಿ ಸಿಕ್ಕಿತು. ಅದು ಕೆಲವೇ ಜನರಿಗೆ ಹಿಡಿಯುತ್ತಿತ್ತು, ಕೊಡುವಾಗ ರೋಗಿಯನ್ನು ತೀವ್ರ ನಿಗಾದಲ್ಲಿ ಇಡಬೇಕಾಗುತ್ತಿತ್ತು. ಮಿಕ್ಕವರಿಗೆ ಇಂಟರ್‌ಫೆರಾನ್ ಚುಚ್ಚುಮದ್ದು. 2005ರವರೆಗೆ ಹೆಚ್ಚುಕಡಿಮೆ ಇಷ್ಟೇ.

ಬಾಗಿಲು ತೆರೆದದ್ದು ಬೇರೆ ಕಡೆಯಿಂದ. ಜರ್ಮನಿಯ ಕಣ್ಣಿನ ವೈದ್ಯ ಯೂಜೆನ್ ಫಾನ್ ಹಿಪ್ಪೆಲ್ ಮತ್ತು ಸ್ವೀಡನ್ನಿನ ಆರ್ವಿಡ್ ಲಿಂಡೌ ಅವರ ಹೆಸರಿನಲ್ಲಿ ಒಂದು ಅಪರೂಪದ ರೋಗವಿದೆ. ಕೆಲವು ಮನೆತನಗಳಲ್ಲಿ ತಲೆಮಾರಿನಿಂದ ತಲೆಮಾರಿಗೆ ಕಣ್ಣು, ಮಿದುಳು, ಮೂತ್ರಪಿಂಡಗಳಲ್ಲಿ ಗಡ್ಡೆಗಳು ಬರುತ್ತವೆ. ಅಂಥ ಕುಟುಂಬಗಳನ್ನು ವರ್ಷಾನುಗಟ್ಟಲೆ ಪರೀಕ್ಷಿಸಿ, ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯ ಮಾರ್‌ಸ್ಟನ್ ಲೈನ್‌ಹ್ಯಾನ್, ಬರ್ಟನ್ ಜ್ಬಾರ್ ಮತ್ತು ಸಂಗಡಿಗರು 1993ರಲ್ಲಿ ಮೂರನೆಯ ವರ್ಣತಂತುವಿನ ಮೇಲೆ ಕೆಟ್ಟಿರುವ ಜೀನನ್ನು ಪತ್ತೆ ಮಾಡಿದರು. ಅದಕ್ಕೆ ವಿ.ಎಚ್.ಎಲ್. ಎಂದು ಹೆಸರು. ಆಮೇಲೆ ಗೊತ್ತಾದದ್ದೇನೆಂದರೆ, ವಂಶದಲ್ಲಿ ಈ ರೋಗವೇ ಇಲ್ಲದವರಿಗೆ ಬರುವ ಸಾಮಾನ್ಯ ಬಗೆಯ ಮೂತ್ರಪಿಂಡದ ಕ್ಯಾನ್ಸರಿನಲ್ಲೂ ಬಹುಪಾಲು ಇದೇ ಜೀನು ಕೆಟ್ಟಿರುತ್ತದೆ.

ಜೀನು ಕೆಡುವುದು ಅಂದರೆ ಏನು? ಚಿಕ್ಕಪ್ಪನಿಗೆ ನಾನು ಹೀಗೆ ಹೇಳಿದ್ದೆ. ಮಗ್ಗದ ಮೇಲೆ ಜಕಾರ್ಡ್ ಇರುತ್ತದೆ, ಅದರಲ್ಲಿ ತೂತು ಹೊಡೆದ ಕಾರ್ಡುಗಳ ಸಾಲು. ಯಾವ ಎಳೆ ಏಳಬೇಕು, ಯಾವುದು ಇಳಿದಿರಬೇಕು ಎಂದು ಕಾರ್ಡು ಹೇಳುತ್ತದೆ. ಒಂದು ಕಾರ್ಡು ಹರಿದರೆ ಸೀರೆಯ ಅಂಚಿನ ಹೂವು ಒಂದು ಸಲವಲ್ಲ, ಪ್ರತಿ ಸಲವೂ ಕೆಡುತ್ತದೆ. ನೂಲು ಚೆನ್ನಾಗಿದೆ, ಮಗ್ಗ ಚೆನ್ನಾಗಿದೆ, ಕಾರ್ಡು ಕೆಟ್ಟಿದೆ. ಅವರಿಗೆ ತಕ್ಷಣ ತಿಳಿಯಿತು. "ಹಂಗಾದ್ರೆ ಆ ಕಾರ್ಡು ಬದಲಾಯಿಸಿ" ಅಂದರು. ಅದೇ ಸಾಧ್ಯವಿಲ್ಲ, ಕೋಟ್ಯಂತರ ಮಗ್ಗಗಳಲ್ಲಿ ಅದೇ ಹರಿದ ಕಾರ್ಡು ಇದೆ ಅಂದೆ.

ಆ ಕಾರ್ಡಿನ ಕೆಲಸ ಏನು? ಇದಕ್ಕೆ ನಮ್ಮ ಕೆರೆಯ ಬಯಲಿಗೆ ಹೋಗಬೇಕು. ಹಿಂದೆ ಕೆರೆಗೆ ನೀರುಗಂಟಿ ಇರುತ್ತಿದ್ದ. ತೂಬು ಎತ್ತುವುದು, ಮುಚ್ಚುವುದು, ಯಾರ ಗದ್ದೆಗೆ ಎಷ್ಟು ನೀರು ಎಂದು ನೋಡುವುದು ಅವನ ಪಾಲು. ನಮ್ಮ ಜೀವಕೋಶಕ್ಕೆ ನೀರಿನ ಬದಲು ಆಮ್ಲಜನಕ ಬೇಕು. ಅದು ಕಡಿಮೆಯಾದಾಗ ಹಿಫ್ ಎಂಬ ಪ್ರೋಟೀನು ತಮಟೆ ಹೊಡೆದುಕೊಂಡು ಸಾರುತ್ತದೆ: "ಬರ ಬಂದಿದೆ, ಕಾಲುವೆ ತೋಡಿ!" ಆ ಕೂಗಿಗೆ ಹೊಸ ರಕ್ತನಾಳಗಳು ಬೆಳೆಯುತ್ತವೆ. ಆಮ್ಲಜನಕ ಸಾಕಷ್ಟು ಇದ್ದಾಗ ಹಿಫ್ ಮೇಲೆ ಒಂದು ರಾಸಾಯನಿಕ ಗುರುತು ಬೀಳುತ್ತದೆ. ನೀರುಗಂಟಿಯಾದ ವಿ.ಎಚ್.ಎಲ್. ಆ ಗುರುತು ನೋಡಿ ಹಿಡಿದು ತಮಟೆಯವನನ್ನು ಕಸಕ್ಕೆ ಸೇರಿಸುತ್ತಾನೆ. ಈಗ ನೀರುಗಂಟಿಯೇ ಇಲ್ಲ ಅಂದುಕೊಳ್ಳಿ. ಕೆರೆ ತುಂಬಿದ್ದರೂ ತಮಟೆ ನಿಲ್ಲುವುದಿಲ್ಲ. ಹಗಲೂ ರಾತ್ರಿ ಕಾಲುವೆ ತೋಡುತ್ತಲೇ ಇರುತ್ತಾರೆ, ಊರಿನ ನೀರೆಲ್ಲ ಒಂದೇ ಗದ್ದೆಗೆ ಹರಿಯುತ್ತದೆ. ಆ ಗದ್ದೆಯೇ ಗಡ್ಡೆ. ಮೂತ್ರಪಿಂಡದ ಕ್ಯಾನ್ಸರು ಮೈತುಂಬ ರಕ್ತನಾಳ ತುಂಬಿಕೊಂಡಿರುವುದು ಇದಕ್ಕೇ. ಆಮ್ಲಜನಕದ ಈ ಲೆಕ್ಕಾಚಾರವನ್ನು ಬಿಡಿಸಿದ ಗ್ರೆಗ್ ಸೆಮೆನ್ಜಾ, ಪೀಟರ್ ರ‍್ಯಾಟ್‌ಕ್ಲಿಫ್, ವಿಲಿಯಂ ಕೇಲಿನ್ ಅವರಿಗೆ 2019ರಲ್ಲಿ ನೊಬೆಲ್ ಬಂತು.

ಕಾರ್ಡು ಬದಲಿಸಲು ಆಗದಿದ್ದರೆ ಬೇರೆ ದಾರಿ ಹುಡುಕಬೇಕು. ಮೊದಲ ದಾರಿ, ಕಾಲುವೆ ತೋಡುವವರ ಕಿವಿ ಮುಚ್ಚುವುದು. ತಮಟೆಯ ಸುದ್ದಿಯನ್ನು ಒಯ್ಯುವ ಪ್ರೋಟೀನು ರಕ್ತನಾಳದ ಕೋಶಗಳ ಮೇಲಿರುವ ಗ್ರಾಹಕಕ್ಕೆ, ಅಂದರೆ ಕಿವಿಗೆ, ತಾಗಬೇಕು. ಆ ಗ್ರಾಹಕದ ಒಳಭಾಗದಲ್ಲಿ ಒಂದು ಸಣ್ಣ ಜೇಬು ಇದೆ. ಅದರಲ್ಲಿ ಸರಿಯಾಗಿ ಕೂರುವ ಅಣುವನ್ನು ತೂರಿಸಿದರೆ ಸುದ್ದಿ ಒಳಗೆ ಹೋಗುವುದಿಲ್ಲ. ನಮ್ಮಂಥ ರಸಾಯನಶಾಸ್ತ್ರದವರು ಮಾಡುವುದು ಈ ಜೇಬಿಗೆ ಹೊಂದುವ ಅಣುವನ್ನು ಕೆತ್ತುವ ಕೆಲಸ. ಇಲ್ಲೊಂದು ಪರಮಾಣು ಸೇರಿಸಿ, ಅಲ್ಲೊಂದು ತೆಗೆದು, ಮತ್ತೆ ಪರೀಕ್ಷೆ. ಸೊರಾಫೆನಿಬ್‌ಗೆ ಅಮೆರಿಕದಲ್ಲಿ 2005ರ ಡಿಸೆಂಬರಿನಲ್ಲಿ, ಸುನಿಟಿನಿಬ್‌ಗೆ 2006ರ ಜನವರಿಯಲ್ಲಿ ಅನುಮತಿ ಸಿಕ್ಕಿತು. ಪಜೋಪನಿಬ್, ಆಕ್ಸಿಟಿನಿಬ್, ಕ್ಯಾಬೊಜಾಂಟಿನಿಬ್ ಆಮೇಲೆ ಬಂದವು. ಹೆಸರಿನ ಕೊನೆಗೆ ನಿಬ್ ಎಂದಿದ್ದರೆ ಸಾಮಾನ್ಯವಾಗಿ ಈ ಜಾತಿಯದು.

ಎರಡನೆಯ ದಾರಿ, ಕೆಲಸದವರ ಅಡುಗೆಮನೆಗೆ ಬೀಗ ಹಾಕುವುದು. ಜೀವಕೋಶದ ಬೆಳವಣಿಗೆಯನ್ನು ನಡೆಸುವ ಎಂ-ಟಾರ್ ಎಂಬ ಪ್ರೋಟೀನನ್ನು ತಡೆಯುವ ಔಷಧಗಳು ಇವು. ಇವುಗಳ ಮೂಲ ಪೆಸಿಫಿಕ್ ಸಾಗರದ ರಾಪಾ ನೂಯಿ ದ್ವೀಪದ ಮಣ್ಣು. 1960ರ ದಶಕದಲ್ಲಿ ಕೆನಡಾದ ತಂಡ ತಂದ ಆ ಮಣ್ಣಿನ ಸೂಕ್ಷ್ಮಾಣುವಿನಿಂದ ರಾಪಾಮೈಸಿನ್ ಎಂಬ ವಸ್ತು ಸಿಕ್ಕಿತು. ಅದರ ಹಿಂದೆ ಬಿದ್ದವರು ನಮ್ಮ ಉಪಖಂಡದಲ್ಲೇ ಹುಟ್ಟಿದ ಸುರೇನ್ ಸೆಹಗಲ್. ಅವರ ಕಂಪನಿ ಕೆನಡಾದ ಪ್ರಯೋಗಾಲಯ ಮುಚ್ಚಿ ಈ ಕೆಲಸ ಕೈಬಿಟ್ಟಾಗ, ಸೆಹಗಲ್ ಸೂಕ್ಷ್ಮಾಣುವನ್ನು ಮನೆಯ ಫ್ರೀಜರಿನಲ್ಲಿ ತಿಂಡಿ ಪದಾರ್ಥಗಳ ಪಕ್ಕದಲ್ಲಿ ಕಾಪಾಡಿಕೊಂಡರು. ವರ್ಷಗಳ ನಂತರ ಅದಕ್ಕೆ ಮತ್ತೆ ಜೀವ ಬಂತು. ರಾಪಾಮೈಸಿನ್ನಿನಿಂದ ಹುಟ್ಟಿದ ಟೆಮ್‌ಸಿರೊಲಿಮಸ್ 2007ರಲ್ಲಿ, ಎವೆರೊಲಿಮಸ್ 2009ರಲ್ಲಿ ಮೂತ್ರಪಿಂಡದ ಕ್ಯಾನ್ಸರಿಗೆ ಬಂದವು. ಹೊಲದ ಮಣ್ಣನ್ನು ಬರೀ ಮಣ್ಣು ಅನ್ನಬೇಡಿ, ಮಕ್ಕಳೇ.

ಮೂರನೆಯ ದಾರಿ, ತಮಟೆಯನ್ನೇ ಒಡೆಯುವುದು. ನಾವೆಲ್ಲ ಬಹಳ ವರ್ಷ ಇದು ಆಗದ ಕೆಲಸ ಎಂದುಕೊಂಡಿದ್ದೆವು. ಹಿಫ್‌ನಂಥ ಪ್ರೋಟೀನುಗಳ ಮೇಲೆ ಔಷಧ ಕೂರಲು ಜೇಬೇ ಇಲ್ಲ ಎಂಬುದು ನಂಬಿಕೆ. ಅಮೆರಿಕದ ಡಲ್ಲಾಸ್ ನಗರದ ವಿಶ್ವವಿದ್ಯಾಲಯದಲ್ಲಿ ರಿಚರ್ಡ್ ಬ್ರೂಯಿಕ್, ಕೆವಿನ್ ಗಾರ್ಡ್‌ನರ್ ಮತ್ತು ಸಂಗಡಿಗರು ಹಿಫ್-2ರ ಒಳಗೆ ಒಂದು ಚಿಕ್ಕ ಪೊಟರೆಯನ್ನು ಕಂಡರು. ಆ ಪೊಟರೆಗೆ ಹೊಂದುವಂತೆ ಬೆಳೆಸಿದ ಅಣುವೇ ಬೆಲ್ಜುಟಿಫಾನ್. ವಂಶದ ರೋಗವಿರುವವರಿಗೆ 2021ರಲ್ಲಿ, ಬೇರೆ ಔಷಧಗಳ ನಂತರವೂ ಮುಂದುವರಿದ ಮೂತ್ರಪಿಂಡದ ಕ್ಯಾನ್ಸರಿಗೆ 2023ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಜೀನು ಸಿಕ್ಕಿದ್ದು 1993. ತಮಟೆಗೆ ಔಷಧ ಬಂದದ್ದು 2021. ಇಪ್ಪತ್ತೆಂಟು ವರ್ಷ. ಇದರ ಜೊತೆಗೆ 2015ರಿಂದ ನಮ್ಮ ದೇಹದ ರೋಗನಿರೋಧಕ ಕೋಶಗಳನ್ನೇ ಎಚ್ಚರಿಸುವ ನಿವೊಲುಮ್ಯಾಬ್‌ನಂಥ ಔಷಧಗಳೂ ಸೇರಿವೆ.

ಇವು ಕ್ಯಾನ್ಸರನ್ನು ಪೂರ್ತಿ ವಾಸಿ ಮಾಡುತ್ತವೆಯೇ? ಹರಡಿದ ಮೇಲೆ ಹೆಚ್ಚಿನವರಿಗೆ ಇಲ್ಲ. ಲೆಕ್ಕ ಮುಚ್ಚಿಡಬಾರದು. ಸೊರಾಫೆನಿಬ್ ಅನ್ನು 903 ರೋಗಿಗಳ ಮೇಲೆ ಪರೀಕ್ಷಿಸಿದಾಗ ರೋಗ ಮುಂದುವರಿಯದೆ ನಿಂತದ್ದು ಸುಮಾರು ಐದೂವರೆ ತಿಂಗಳು, ಔಷಧವಿಲ್ಲದ ಮಾತ್ರೆ ಪಡೆದವರಲ್ಲಿ ಎರಡು ತಿಂಗಳು ಚಿಲ್ಲರೆ. ಸುನಿಟಿನಿಬ್ ಪಡೆದವರಲ್ಲಿ ಹನ್ನೊಂದು ತಿಂಗಳು, ಹಳೆಯ ಇಂಟರ್‌ಫೆರಾನ್ ಪಡೆದವರಲ್ಲಿ ಐದು. ಈಗ ಔಷಧಗಳನ್ನು ಜೋಡಿಸಿ ಕೊಡುವುದರಿಂದ ವರ್ಷಗಟ್ಟಲೆ ಬದುಕುವವರೂ ಇದ್ದಾರೆ. ಆರು ತಿಂಗಳಿಗೆ ಇಷ್ಟೆಲ್ಲ ಯಾಕೆ ಎಂದು ಕೇಳುವವರಿಗೆ ನಾನು ಉತ್ತರ ಕೊಡುವುದಿಲ್ಲ. ಮನೆಯಲ್ಲಿ ಒಬ್ಬರಿಗೆ ಆರು ತಿಂಗಳು ಹೆಚ್ಚು ಸಿಕ್ಕಿದವರನ್ನು ಕೇಳಿ.

ಈಗ ಮತ್ತೆ ಚಿಕ್ಕಪ್ಪನ ಹತ್ತಿರ ಬರುತ್ತೇನೆ. ಶಸ್ತ್ರಚಿಕಿತ್ಸೆ ಆಯಿತು, ಬಲಗಡೆಯದನ್ನು ತೆಗೆದರು. ಶ್ವಾಸಕೋಶದ ಚುಕ್ಕೆಗಳಿಗೆ ಈ ನಿಬ್ ಜಾತಿಯದೇ ಒಂದು ಗುಳಿಗೆ ಬರೆದುಕೊಟ್ಟರು. ಯಾವುದು, ಯಾರದು ಎಂಬುದು ಇಲ್ಲಿ ಬೇಡ. ತಿಂಗಳಿಗೆ ಲಕ್ಷ ರೂಪಾಯಿ ದಾಟುತ್ತಿತ್ತು. ನನ್ನ ಸಂಬಳ ಅದರ ಅರ್ಧವೂ ಇರಲಿಲ್ಲ. ಚಿಕ್ಕಪ್ಪ "ಎಷ್ಟಪ್ಪಾ ಇದಕ್ಕೆ?" ಅಂದಾಗ "ಕಂಪನಿ ಕಡೆಯಿಂದ ಸಿಗುತ್ತೆ ಚಿಕ್ಕಪ್ಪ, ನೀನು ಸುಮ್ನೆ ನುಂಗು" ಅಂದೆ. ಸುಳ್ಳು. ನಮ್ಮಪ್ಪ ಒಂದು ಎಕರೆ ಹೊಲವನ್ನು ಅಡ ಇಟ್ಟಿದ್ದರು.

ಇನ್ನೊಂದು ವಿಷಯವಿದೆ. ಇಷ್ಟು ವರ್ಷ ಇದನ್ನು ಯಾವ ವೇದಿಕೆಯಲ್ಲೂ ಹೇಳಿಲ್ಲ. ಅದೇ ಗುಳಿಗೆಯಲ್ಲಿರುವ ಅಣು ನಮ್ಮ ಪ್ರಯೋಗಾಲಯದ ಫ್ರಿಜ್ಜಿನಲ್ಲಿ ಇತ್ತು. ಹೊಸ ಅಣುಗಳನ್ನು ಹೋಲಿಸಿ ನೋಡಲು ಹಳೆಯದನ್ನು ನಾವೇ ಸ್ವಲ್ಪ ತಯಾರಿಸಿಕೊಂಡಿದ್ದೆವು. ಹಳದಿ ಪುಡಿ, ಬೆರಳುದ್ದದ ಸೀಸೆ, ಅದರ ಮೇಲೆ ನನ್ನದೇ ಕೈಬರಹದ ಚೀಟಿ. ಒಂದು ರಾತ್ರಿ ಎಲ್ಲರೂ ಹೋದಮೇಲೆ ಫ್ರಿಜ್ಜಿನ ಬಾಗಿಲು ತೆಗೆದು ನಿಂತೆ. ಎಷ್ಟು ದಿನದ ಔಷಧ ಆಗಬಹುದು ಎಂದು ಲೆಕ್ಕ ಹಾಕಿದೆ. ಅದರಲ್ಲಿ ಕರಗಿಸಿದ ದ್ರಾವಕದ ಅಂಶ ಎಷ್ಟು ಉಳಿದಿದೆ, ಯಾವ ಲೋಹದ ಕಲ್ಮಶ ಇದೆ ಎಂದು ಯಾರೂ ಪರೀಕ್ಷೆ ಮಾಡಿರಲಿಲ್ಲ. ಇಲಿಗಳಿಗೆ ಸರಿ, ಮನುಷ್ಯನಿಗಲ್ಲ. ಚಿಕ್ಕಪ್ಪನಿಗಂತೂ ಉಳಿದದ್ದು ಒಂದೇ ಮೂತ್ರಪಿಂಡ. ಬಾಗಿಲು ಮುಚ್ಚಿ ಕೊನೆಯ ಬಸ್ಸು ಹಿಡಿದೆ. ಮಾಡಿದ್ದು ಸರಿ ಎಂದು ಬುದ್ಧಿಗೆ ಗೊತ್ತು. ಆದರೂ ಆ ಸೀಸೆ ಆಗಾಗ ಕಣ್ಣಿಗೆ ಬರುತ್ತದೆ. ಮಾಡಲು ಅಷ್ಟೊಂದು ಕಷ್ಟವಿಲ್ಲದ ವಸ್ತು, ಕೊಳ್ಳಲು ಅಷ್ಟೊಂದು ಕಷ್ಟ.

ಗುಳಿಗೆ ಕೆಲಸ ಮಾಡಿತು. ಎರಡನೆಯ ಸ್ಕ್ಯಾನಿನಲ್ಲಿ ಚುಕ್ಕೆಗಳು ಚಿಕ್ಕವಾಗಿದ್ದವು. ಆದರೆ ಅಂಗೈ, ಅಂಗಾಲಿನ ಚರ್ಮ ಕೆಂಪಾಗಿ ಸುಲಿಯತೊಡಗಿತು. ಈ ಜಾತಿಯ ಔಷಧಗಳ ಗೊತ್ತಿರುವ ತೊಂದರೆ ಅದು. ರಕ್ತದೊತ್ತಡ ಏರುವುದು, ಸುಸ್ತು, ಭೇದಿ ಕೂಡ ಇವೆ. ಬೇರೆಯವರಿಗಾದರೆ ಅಂಗೈ ಉರಿ ಅಷ್ಟೇ. ನೇಕಾರನಿಗೆ ಹರಿದ ಎಳೆಗೆ ಗಂಟು ಹಾಕಲು ಬೆರಳ ತುದಿಯೇ ಬೇಕು. ಮಗ್ಗದ ಮುಂದೆ ಕೂತು ಚಿಕ್ಕಪ್ಪ ಎಳೆ ಹಿಡಿಯಲಾಗದೆ ಕೈ ಕೊಡವುತ್ತಿದ್ದರು.

ಮೂರನೆಯ ತಿಂಗಳು ಔಷಧದಂಗಡಿಯ ಬಿಲ್ಲು ನನ್ನ ಅಂಗಿಯ ಜೇಬಿನಿಂದ ಅವರ ಕೈಗೆ ಸಿಕ್ಕಿತು. ಬೈಯಲಿಲ್ಲ. ಲೆಕ್ಕದಲ್ಲಿ ಗಟ್ಟಿ ಮನುಷ್ಯ, ಮನಸ್ಸಿನಲ್ಲೇ ಭಾಗಿಸಿದರು. "ಶ್ಯಾನೆ ಆಯ್ತು ಕಣಪ್ಪ. ದಿನಕ್ಕೊಂದು ಸೀರೆ ನುಂಗ್ತಾ ಇದೀನಿ ನಾನು" ಅಂದರು. ಆವತ್ತಿಂದ ನುಂಗಲಿಲ್ಲ. ಚಿಕ್ಕಮ್ಮ ಅತ್ತರು, ನಾನು ಕಾಲು ಹಿಡಿದೆ. "ಹುಡುಗನಿಗೆ ಮಗ್ಗ ಉಳೀಲಿ" ಅಂದರು. 2010ರ ಯುಗಾದಿಗೆ ಅವರಿರಲಿಲ್ಲ. ಗುಳಿಗೆ ಮುಂದುವರಿಸಿದ್ದರೆ ಎಷ್ಟು ದಿನ ಇರುತ್ತಿದ್ದರು ಎಂದು ಯಾರೂ ಹೇಳಲಾರರು. ಆದರೆ ನಿಲ್ಲಿಸಿದ್ದು ರೋಗವಲ್ಲ, ಬೆಲೆ.

ಎರಡು ವರ್ಷದ ನಂತರ ಒಂದು ಸುದ್ದಿ ಬಂತು. ನಮ್ಮ ದೇಶದ ಪೇಟೆಂಟ್ ಕಾಯ್ದೆಯ 84ನೇ ಕಲಮಿನಲ್ಲಿ ಕಡ್ಡಾಯ ಪರವಾನಗಿ ಎಂಬ ಅವಕಾಶವಿದೆ. ಪೇಟೆಂಟ್ ಇರುವ ವಸ್ತು ಜನರಿಗೆ ಸಾಕಷ್ಟು ಸಿಗದಿದ್ದರೆ, ಕೈಗೆಟುಕುವ ಬೆಲೆಗೆ ಸಿಗದಿದ್ದರೆ, ಅಥವಾ ಆ ಪೇಟೆಂಟು ಇಲ್ಲಿ ಬಳಕೆಗೆ ಬರದಿದ್ದರೆ, ಬೇರೆಯವರು ಗೌರವಧನ ಕೊಟ್ಟು ತಯಾರಿಸಲು ಅನುಮತಿ ಕೇಳಬಹುದು. ಹೈದರಾಬಾದಿನ ನ್ಯಾಟ್ಕೊ ಕಂಪನಿ ಸೊರಾಫೆನಿಬ್‌ಗೆ ಹಾಗೆ ಕೇಳಿತು. ಬೇಯರ್ ಕಂಪನಿ ಮಾರುತ್ತಿದ್ದ ಆ ಔಷಧದ ಒಂದು ತಿಂಗಳ 120 ಮಾತ್ರೆಗೆ ಆಗ ಸುಮಾರು 2,80,000 ರೂಪಾಯಿ. 2012ರ ಮಾರ್ಚ್ 9ರಂದು ಪೇಟೆಂಟ್ ನಿಯಂತ್ರಕ ಪಿ.ಎಚ್. ಕುರಿಯನ್ ನ್ಯಾಟ್ಕೊಗೆ ಪರವಾನಗಿ ಕೊಟ್ಟರು. 120 ಮಾತ್ರೆಗೆ 8,880 ರೂಪಾಯಿಗಿಂತ ಹೆಚ್ಚು ತೆಗೆದುಕೊಳ್ಳಬಾರದು, ಮಾರಾಟದ ಮೇಲೆ ಶೇಕಡಾ 6 ಗೌರವಧನ ಮೂಲ ಕಂಪನಿಗೆ ಕೊಡಬೇಕು. ಭಾರತದಲ್ಲಿ ಇಂಥ ಪರವಾನಗಿ ಅದೇ ಮೊದಲು. ಮೇಲ್ಮನವಿ ಮಂಡಳಿ 2013ರಲ್ಲಿ ಗೌರವಧನವನ್ನು ಶೇಕಡಾ 7ಕ್ಕೆ ಏರಿಸಿ ಪರವಾನಗಿಯನ್ನು ಎತ್ತಿಹಿಡಿಯಿತು. 2014ರಲ್ಲಿ ಬಾಂಬೆ ಹೈಕೋರ್ಟಿನಲ್ಲೂ ಸುಪ್ರೀಂ ಕೋರ್ಟಿನಲ್ಲೂ ಅದು ಉಳಿಯಿತು.

ಮಾತ್ರೆಯೊಂದಕ್ಕೆ 2,300 ರೂಪಾಯಿಯಿಂದ 74 ರೂಪಾಯಿ. ಆ ದಿನ ನಾನು ಪತ್ರಿಕೆ ಹಿಡಿದುಕೊಂಡು ದೊಡ್ಡಬಳ್ಳಾಪುರಕ್ಕೆ ಹೋದೆ. ಚಿಕ್ಕಮ್ಮನಿಗೆ ಓದಿ ಹೇಳಿದೆ. "ಈಗ ಬಂತಾ?" ಅಂದರು, ಮತ್ತೇನೂ ಅನ್ನಲಿಲ್ಲ.

ಇದನ್ನು ಕೇಳಿ ನಿಮಗೆ ಕಂಪನಿಗಳ ಮೇಲೆ ಸಿಟ್ಟು ಬರಬಹುದು. ನನಗೂ ಬಂದಿತ್ತು. ಆದರೆ ನಾನು ಇನ್ನೊಂದು ಕಡೆಯವನೂ ಹೌದು. ನಮ್ಮ ಗುಂಪು ನಾಲ್ಕು ವರ್ಷ ದುಡಿದ ಅಣು ಇಲಿಗಳ ಪಿತ್ತಜನಕಾಂಗಕ್ಕೆ ತೊಂದರೆ ಕೊಟ್ಟಿತು, ಒಂದು ಶುಕ್ರವಾರದ ಸಭೆಯಲ್ಲಿ ಅದನ್ನು ನಿಲ್ಲಿಸಿದರು. ಅಷ್ಟು ವರ್ಷದ ಸಂಬಳ, ಸಾಮಾನು, ಎಲ್ಲ ಯಾರೋ ಭರಿಸಿದ ಹಣ. ಗೆದ್ದ ಒಂದು ಔಷಧ ಸೋತ ಎಷ್ಟೋ ಅಣುಗಳ ಸಾಲವನ್ನೂ ತೀರಿಸಬೇಕು. ಆ ಹಣ ಬರದಿದ್ದರೆ ಬೆಲ್ಜುಟಿಫಾನಿಗಾಗಿ ಕಾಯುವ ತಾಳ್ಮೆ ಯಾರಿಗೂ ಇರುವುದಿಲ್ಲ. ಅದೇ ಹೊತ್ತಿಗೆ, ಜೀನು ಪತ್ತೆಯಾದದ್ದು ಸರ್ಕಾರಿ ಸಂಸ್ಥೆಯಲ್ಲಿ, ಪೊಟರೆ ಕಂಡದ್ದು ವಿಶ್ವವಿದ್ಯಾಲಯದಲ್ಲಿ, ಜನರ ತೆರಿಗೆ ಹಣವೂ ಸೇರಿ. ಹೀಗೆ ಎರಡೂ ಕಡೆ ನ್ಯಾಯವಿದೆ. ನಡುವೆ ನಿಂತವನು ಮಾತ್ರ ಮಗ್ಗ ಮಾರಬೇಕೋ ಗುಳಿಗೆ ಬಿಡಬೇಕೋ ಎಂದು ಲೆಕ್ಕ ಹಾಕುತ್ತಿರುತ್ತಾನೆ.

ಈಗ ಪರಿಸ್ಥಿತಿ ಮೊದಲಿನ ಹಾಗಿಲ್ಲ. ಸೊರಾಫೆನಿಬ್‌ನ ಪೇಟೆಂಟ್ ಅವಧಿ 2020ರಲ್ಲಿ ಮುಗಿಯಿತು. ಈ ಗುಂಪಿನ ಹಲವು ಹಳೆಯ ಔಷಧಗಳನ್ನು ನಮ್ಮ ದೇಶದ ಕಂಪನಿಗಳೇ ಮಾಡುತ್ತಿವೆ. ರಕ್ತನಾಳ ಬೆಳೆಸುವ ಸಂದೇಶವನ್ನು ರಕ್ತದಲ್ಲೇ ಹಿಡಿಯುವ ಬೆವಾಸಿಜುಮ್ಯಾಬ್ ಚುಚ್ಚುಮದ್ದಿನ ತನ್ನದೇ ಆವೃತ್ತಿಯನ್ನು ಬೆಂಗಳೂರಿನ ಬಯೋಕಾನ್ 2017ರಲ್ಲಿ ತಂದಿತು. 1973ರಲ್ಲಿ ಶುರುವಾದ ಕಿದ್ವಾಯಿ ಆಸ್ಪತ್ರೆ ನಮ್ಮಿಂದ ಒಂದು ರೈಲಿನ ದೂರದಲ್ಲಿದೆ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಕಾರ್ಡು ಇಟ್ಟುಕೊಳ್ಳಿ, ಯಾವ ಚಿಕಿತ್ಸೆಗೆ ಎಷ್ಟು ಸಿಗುತ್ತದೆ ಎಂದು ಆಸ್ಪತ್ರೆಯಲ್ಲಿ ಕೇಳಿ. ಔಷಧ ಬರೆದುಕೊಟ್ಟಾಗ, "ಇದೇ ಔಷಧ ಬೇರೆ ಕಂಪನಿಯದು ಕಡಿಮೆ ಬೆಲೆಗೆ ಇದೆಯೇ?" ಎಂದು ವೈದ್ಯರನ್ನೇ ಕೇಳಿ. ಕೇಳುವುದರಲ್ಲಿ ನಾಚಿಕೆ ಇಲ್ಲ. ಮನೆಯವರಿಂದ ಬೆಲೆ ಮುಚ್ಚಿಡಬೇಡಿ, ನಾನು ಮಾಡಿದ ತಪ್ಪು ಅದು. ಮೊದಲೇ ಎಲ್ಲರೂ ಕೂತು ಮಾತಾಡಿದ್ದರೆ ಚಿಕ್ಕಪ್ಪನಿಗೆ ನನ್ನ ಮೇಲೆ ನಂಬಿಕೆಯಾದರೂ ಉಳಿಯುತ್ತಿತ್ತು.

ಇನ್ನು ಬರದ ಹಾಗೆ ನೋಡಿಕೊಳ್ಳುವುದು. ಬೀಡಿ ಸಿಗರೇಟು, ಮಿತಿಮೀರಿದ ತೂಕ, ಅಂಕೆಯಲ್ಲಿಲ್ಲದ ಬಿ.ಪಿ., ಈ ಮೂರೂ ಮೂತ್ರಪಿಂಡದ ಕ್ಯಾನ್ಸರಿನ ಅಪಾಯವನ್ನು ಹೆಚ್ಚಿಸುತ್ತವೆ. ನಮ್ಮ 1986ರ ತಂಡದವರೆಲ್ಲ ಸೇರಿ ಒಂದು ತೀರ್ಮಾನ ಮಾಡಿದ್ದೇವೆ. ಪ್ರತಿ ವರ್ಷ ಘಾಟಿ ದನಗಳ ಜಾತ್ರೆ ಮುಗಿದ ಮೇಲೆ ಬರುವ ಭಾನುವಾರ ಇದೇ ಶಾಲೆಯಲ್ಲಿ ಬಿ.ಪಿ., ಸಕ್ಕರೆ, ಮೂತ್ರ ಪರೀಕ್ಷೆಯ ಶಿಬಿರ. ಇದರಿಂದ ಕ್ಯಾನ್ಸರೆಲ್ಲ ಸಿಕ್ಕಿಬೀಳುತ್ತದೆ ಎಂದು ಸುಳ್ಳು ಹೇಳುವುದಿಲ್ಲ. ಆದರೆ ಯಾರಿಗೆ ಮುಂದಿನ ಪರೀಕ್ಷೆ ಬೇಕು ಎಂದು ತಿಳಿಯುತ್ತದೆ, "ಉಷ್ಣ" ಎಂದು ಸುಮ್ಮನಾಗುವವರು ಕಡಿಮೆಯಾಗುತ್ತಾರೆ. ಶಾಲೆಗೆ ಎರಡು ಸೂಕ್ಷ್ಮದರ್ಶಕಗಳನ್ನೂ ಇವತ್ತು ಒಪ್ಪಿಸುತ್ತಿದ್ದೇವೆ. ಬೀರುವಿನಲ್ಲಿಟ್ಟು ಬೀಗ ಹಾಕಬೇಡಿ ಎಂದು ಮುಖ್ಯೋಪಾಧ್ಯಾಯರಲ್ಲಿ ನನ್ನ ವಿನಂತಿ. ಮುರಿದರೆ ಮುರಿಯಲಿ, ನಾವು ರಿಪೇರಿ ಮಾಡಿಸುತ್ತೇವೆ.

ಮಕ್ಕಳಿಗೆ ಕೊನೆಯ ಮಾತು. ನನ್ನ ಪ್ರಯೋಗಾಲಯದ ನೋಟುಪುಸ್ತಕದಲ್ಲಿ ಪ್ರತಿ ಪ್ರಯೋಗದ ಕೆಳಗೆ ಇವತ್ತಿಗೂ "ನನಗೆ ತಿಳಿಯದ್ದು" ಎಂದು ಒಂದು ಸಾಲು ಬರೆಯುತ್ತೇನೆ. ಜೊತೆಯವರು ನಗುತ್ತಾರೆ. ಹಿಫ್‌ನಲ್ಲಿ ಜೇಬಿಲ್ಲ, ಎಲ್ಲ ತಿಳಿದಿದೆ ಎಂದು ಎಲ್ಲರೂ ಬರೆದಿದ್ದರೆ ಆ ಪೊಟರೆ ಇನ್ನೂ ಕತ್ತಲಲ್ಲೇ ಇರುತ್ತಿತ್ತು. ಮೂತ್ರಪಿಂಡದ ಕ್ಯಾನ್ಸರಿನ ಬಗ್ಗೆ ಇವತ್ತಿನ ನನ್ನ ಸಾಲು ಇದು: ಒಬ್ಬ ರೋಗಿಗೆ ಹಿಡಿಯುವ ಔಷಧ ಅದೇ ಬಗೆಯ ಇನ್ನೊಬ್ಬನಿಗೆ ಯಾಕೆ ಹಿಡಿಯುವುದಿಲ್ಲ? ಇನ್ನೊಂದು ಸಾಲೂ ಇದೆ: ಹುಡುಕುವವನ ಖರ್ಚೂ ಹುಟ್ಟಬೇಕು, ನುಂಗುವವನ ಮಗ್ಗವೂ ಉಳಿಯಬೇಕು, ಅಂಥ ಬೆಲೆ ಕಟ್ಟುವುದು ಹೇಗೆ? ಮೊದಲನೆಯದಕ್ಕೆ ರಸಾಯನಶಾಸ್ತ್ರ, ಜೀವಶಾಸ್ತ್ರ ಓದಿ ಬನ್ನಿ. ಎರಡನೆಯದಕ್ಕೆ ಕಾನೂನು, ಅರ್ಥಶಾಸ್ತ್ರ ಓದಿ ಬನ್ನಿ. ಎರಡಕ್ಕೂ ನಮ್ಮೂರಿನವರು ಬೇಕು, ಯಾಕೆಂದರೆ ದಿನಕ್ಕೊಂದು ಸೀರೆ ಎಂದರೆ ಎಷ್ಟು ಎಂದು ನಮಗೆ ಗೊತ್ತು.

ನಮ್ಮ ಮೇಷ್ಟ್ರು ಈಗಿಲ್ಲ. ಇದ್ದಿದ್ದರೆ ಈ ಭಾಷಣಕ್ಕೂ ಕೆಂಪು ಶಾಯಿಯಲ್ಲಿ ಏನಾದರೂ ಬರೆಯುತ್ತಿದ್ದರು. ಇಪ್ಪತ್ತು ನಿಮಿಷ ಮೀರಿದ್ದಕ್ಕೆ ಅರ್ಧ ಅಂಕ ಖಂಡಿತ ಕಳೆಯುತ್ತಿದ್ದರು.